ಕಾನೂನಿನ ಇಂಗ್ಲಿಷ್ ಸರಳವಾದರೆ ಸಾಕಾ?

ಕರಡುಪ್ರತಿ:
ಅಮೆರಿಕದಲ್ಲಿ 2010ರಲ್ಲಿ ಪ್ಲೇನ್ ರೈಟಿಂಗ್ ಆ್ಯಕ್ಟ್ ಬಂತು. ಸರ್ಕಾರಿ ಇಲಾಖೆಗಳು ಜನರಿಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಬರೆಯಬೇಕು ಅನ್ನುವ ಕಾಯ್ದೆ. ಎಲ್ಲರೂ ಹೊಗಳುತ್ತಾರಲ್ಲ ಅಂತ ಕೂತು ಓದಿದೆ. ಅರ್ಜಿ, ಪತ್ರ, ಸೂಚನೆಗಳಿಗೆಲ್ಲ ಇದು ಅನ್ವಯಿಸುತ್ತದೆ. ಆದರೆ ಇಲಾಖೆಗಳು ಹೊರಡಿಸುವ ನಿಯಮಗಳನ್ನು ಹೊರಗಿಟ್ಟಿದ್ದಾರೆ! ಇಲಾಖೆ ಪಾಲಿಸದಿದ್ದರೆ ಕೋರ್ಟಿಗೆ ಹೋಗುವ ಹಾಗೂ ಇಲ್ಲ. ನಿಯಮ ಗೋಜಲಾಗಿಯೇ ಇರಲಿ, ಅದನ್ನು ವಿವರಿಸುವ ಕರಪತ್ರ ಮಾತ್ರ ಚೆನ್ನಾಗಿರಲಿ ಅಂದ ಹಾಗಾಯ್ತು. ಇದರಿಂದ ಏನು ಬಂತು?

ಹಳೇಪೆನ್ನು:
ನನ್ನದು ಕರಾರು ಪತ್ರ ಬರೆಯುವ ಕೆಲಸ, ಹಾಗಾಗಿ ಬೈಸಿಕೊಂಡು ಅಭ್ಯಾಸವಿದೆ. ವಕೀಲರು ಬೇಕಂತಲೇ ಗೋಜಲು ಮಾಡುತ್ತಾರೆ ಅನ್ನುವುದು ಪೂರ್ತಿ ನಿಜವಲ್ಲ. ಹಳೇ ಪದಕ್ಕೆ ಕೋರ್ಟುಗಳು ಒಂದು ಅರ್ಥ ಗಟ್ಟಿ ಮಾಡಿರುತ್ತವೆ. ಅದನ್ನು ತೆಗೆದು ಹೊಸ ಪದ ಹಾಕಿದರೆ ಮತ್ತೆ ಮೊದಲಿನಿಂದ ಜಗಳ. ಇನ್ನು ಸರಳ ಅಂದ ಕೂಡಲೇ ಸ್ಪಷ್ಟ ಅಂತಲೂ ಅಲ್ಲ. ಬ್ರಿಟನ್ನಿನ ಕಾನೂನು ಚಿಂತಕ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಕೊಟ್ಟ ಉದಾಹರಣೆ ಕಾನೂನು ಓದಿದವರಿಗೆಲ್ಲ ಗೊತ್ತು: ಪಾರ್ಕಿನೊಳಗೆ ವಾಹನ ತರುವಂತಿಲ್ಲ. ಮಗುವಿಗೂ ಅರ್ಥವಾಗುವ ಮಾತು. ಆದರೆ ಆ ಮಗುವಿನ ಆಟದ ಕಾರು ವಾಹನವಾ, ಅಲ್ವಾ?

ಪುಟ್ಟಪ್ರಶ್ನೆ:
ಸರ್, ಹಳೇ ಪದ ತೆಗೆದರೆ ಜಗಳ ಅಂದಿರಿ. 1999ರಲ್ಲಿ ಇಂಗ್ಲೆಂಡಿನ ಸಿವಿಲ್ ಕೋರ್ಟುಗಳು ತೆಗೆದವಲ್ಲ? ನ್ಯಾಯಾಧೀಶ ಲಾರ್ಡ್ ವುಲ್ಫ್ ಸುಧಾರಣೆಯಲ್ಲಿ ದಾವೆ ಹೂಡುವವರಿಗಿದ್ದ 'ಪ್ಲೇಂಟಿಫ್' ಅನ್ನುವ ಹೆಸರು ಹೋಗಿ 'ಕ್ಲೇಮೆಂಟ್' ಬಂತು. ದಾವೆ ಶುರು ಮಾಡುವ ಪತ್ರಕ್ಕೆ 'ರಿಟ್' ಬದಲು 'ಕ್ಲೇಮ್ ಫಾರ್ಮ್' ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ. ಅದಕ್ಕೂ ಹಿಂದೆ ಅಲ್ಲಿನ ಕೋರ್ಟಿನ ದಾಖಲೆಗಳು ಲ್ಯಾಟಿನ್‌ನಲ್ಲಿದ್ದವು. 1733ರಲ್ಲಿ ಅದನ್ನು ನಿಲ್ಲಿಸಿ ಇಂಗ್ಲಿಷ್ ಕಡ್ಡಾಯ ಮಾಡಿದರು. ಆಗಲೂ ಯಾರೋ ಹೀಗೇ ಹೆದರಿಸಿರುತ್ತಾರೆ ಬಿಡಿ.

ಹಳೇಪೆನ್ನು:
ಹೆಸರು ಬದಲಿಸುವುದು ಸುಲಭ, ಒಪ್ಪಿದೆ. ಕಷ್ಟ ಇರುವುದು ವಾಕ್ಯದಲ್ಲಿ. ಅಮೆರಿಕದ ಮೇನ್ ರಾಜ್ಯದ ಓವರ್‌ಟೈಮ್ ಕಾನೂನು ನೋಡಿ. ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅಂತ ಅದರಲ್ಲಿ ಪಟ್ಟಿ ಇತ್ತು. ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು, ಹೀಗೇ ಸಾಗಿ ಕೊನೆಗೆ 'ಸಾಗಣೆಗೆ ಅಥವಾ ವಿತರಣೆಗೆ ಪ್ಯಾಕ್ ಮಾಡುವುದು'. ಇಲ್ಲ, ಹಾಗಲ್ಲ, ಇನ್ನೊಂದು ಥರವೂ ಓದಬಹುದು: 'ಸಾಗಣೆಗೆ ಪ್ಯಾಕ್ ಮಾಡುವುದು', ಮತ್ತೆ ಬೇರೆಯಾಗಿ 'ವಿತರಣೆ ಮಾಡುವುದು'. ಇಂಗ್ಲಿಷಿನಲ್ಲಿ 'ಅಥವಾ' ಪದದ ಹಿಂದೆ ಒಂದು ಕಾಮಾ ಇದ್ದಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಓಕ್‌ಹರ್ಸ್ಟ್ ಡೇರಿಯ ಲಾರಿ ಡ್ರೈವರ್‌ಗಳು ಹಾಲು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. ನಮಗೆ ಓವರ್‌ಟೈಮ್ ಬರಬೇಕು ಅಂತ ಕೇಸ್ ಹಾಕಿದರು. 2017ರಲ್ಲಿ ಮೇಲ್ಮನವಿ ಕೋರ್ಟು ವಾಕ್ಯ ಅಸ್ಪಷ್ಟವಾಗಿದೆ ಅಂದು ಅವರ ಕಡೆ ತೀರ್ಪು ಕೊಟ್ಟಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿಯಾಯ್ತು. ಆ ಪಟ್ಟಿಯಲ್ಲಿ ಒಂದಾದರೂ ಕಷ್ಟದ ಪದ ಇತ್ತಾ? ಇಲ್ಲ.

ಕರಡುಪ್ರತಿ:
ನೀವು ನನ್ನ ವಾದಕ್ಕೇ ಬಲ ಕೊಟ್ಟಿರಿ. ಸರಳ ಇಂಗ್ಲಿಷ್ ಅಂದರೆ ಬರೀ ಸಣ್ಣ ಪದಗಳಲ್ಲ, ವಾಕ್ಯ ಕಟ್ಟುವ ರೀತಿ. ಯಾವುದಾದರೂ ವಿಮಾ ಪಾಲಿಸಿ ತೆಗೆದು ನೋಡಿ. 'ಕಂಪನಿಯು' ಅಂತ ಮೊದಲ ಸಾಲಿನಲ್ಲಿ ಶುರುವಾಗುತ್ತದೆ. ಅದು ಏನು ಮಾಡುತ್ತದೆ ಅನ್ನುವುದು ಸಿಗುವುದು ಐದನೇ ಸಾಲಿನಲ್ಲಿ. ನಡುವೆ ಒಂದು ವ್ಯಾಖ್ಯಾನ, ಒಂದು ವಿನಾಯಿತಿ, ಆ ವಿನಾಯಿತಿಗೆ ಇನ್ನೊಂದು ವಿನಾಯಿತಿ. ಕೊನೆ ಮುಟ್ಟುವಷ್ಟರಲ್ಲಿ ಯಾರ ಬಗ್ಗೆ ಓದುತ್ತಿದ್ದೆವು ಅನ್ನುವುದೇ ಮರೆತಿರುತ್ತದೆ. 2023ರಲ್ಲಿ ಎಂಐಟಿಯ ಸಂಶೋಧಕರು ಇದನ್ನು ವಕೀಲರ ಮೇಲೇ ಪರೀಕ್ಷೆ ಮಾಡಿದರು. ವಕೀಲರಿಗೂ ಸರಳ ಕರಾರೇ ಜಾಸ್ತಿ ಅರ್ಥವಾಯ್ತು, ಜಾಸ್ತಿ ನೆನಪಿತ್ತು. ಕೋರ್ಟಿನಲ್ಲಿ ಎರಡೂ ಒಂದೇ ಥರ ನಿಲ್ಲುತ್ತವೆ ಅಂತಲೂ ಆ ವಕೀಲರೇ ಹೇಳಿದರು. ಹಾಗಿದ್ದರೆ ಈ ಕಷ್ಟ ಯಾರಿಗೋಸ್ಕರ ಸರ್?

ಅಂಚಿನಟಿಪ್ಪಣಿ:
ಕಾನೂನಿನ ಮಾತು ಸರಿ. ರಾಜಕೀಯಕ್ಕೆ ಬಂದರೆ ನಿಮ್ಮ ಲೆಕ್ಕ ಕೈಕೊಡುತ್ತದೆ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕಾ ಬೇಡವಾ ಅಂತ ಜನರನ್ನು ಕೇಳಿದ 2016ರ ಬ್ರೆಕ್ಸಿಟ್ ಮತಪತ್ರ ನೋಡಿ. ಬ್ರಿಟನ್ನಿನ ಚುನಾವಣಾ ಆಯೋಗ ಪ್ರಶ್ನೆಯನ್ನು ತೂಗಿ ನೋಡಿ ತಿದ್ದಿಸಿತು. ಮೊದಲು 'ಸದಸ್ಯನಾಗಿ ಉಳಿಯಬೇಕೇ' ಅಂತಷ್ಟೇ ಇತ್ತು, ಹೌದು ಅಥವಾ ಇಲ್ಲ ಅನ್ನಬೇಕಿತ್ತು. ಅದು ಒಂದು ಕಡೆ ವಾಲುತ್ತದೆ ಅಂತ 'ಉಳಿಯಬೇಕೇ ಅಥವಾ ಬಿಡಬೇಕೇ' ಮಾಡಿದರು. ಇಂಗ್ಲಿಷಿನಲ್ಲಿ ಬರೀ 16 ಪದ. ಇದಕ್ಕಿಂತ ಸರಳ ಇನ್ನೇನು ಬೇಕು? ಆದರೆ ಬಿಟ್ಟ ಮೇಲೆ ಏನು ಅನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಅರ್ಥ. ಹೊರಗೆ ಬರುವಷ್ಟರಲ್ಲಿ 2020ರ ಜನವರಿ ಮುಗಿದಿತ್ತು.

ಪುಟ್ಟಪ್ರಶ್ನೆ:
ಮೇಡಂ, ಅದು ಭಾಷೆಯ ತಪ್ಪಲ್ಲ. ಯೋಜನೆಯೇ ಇಲ್ಲದಿದ್ದರೆ ಯಾವ ಇಂಗ್ಲಿಷ್ ಏನು ಮಾಡೀತು?

ಅಂಚಿನಟಿಪ್ಪಣಿ:
ಅದನ್ನೇ ನಾನೂ ಹೇಳುತ್ತಿರುವುದು. ರಾಜಕಾರಣಿ ಸರಳ ಪದಗಳಲ್ಲೇ ಆರಾಮಾಗಿ ಬಚ್ಚಿಟ್ಟುಕೊಳ್ಳಬಲ್ಲ. ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ಇರಾನ್-ಕಾಂಟ್ರಾ ಹಗರಣದ ಬಗ್ಗೆ 1987ರಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ರೇಗನ್ ಸಂಸತ್ತಿನ ಎದುರು ಗಂಭೀರ ತಪ್ಪುಗಳಾದವು ಅಂದರು. ಯಾರು ಮಾಡಿದರು? ಆ ಮಾತಿನಲ್ಲಿ ಯಾರೂ ಇಲ್ಲ. ತಪ್ಪು ತಾನೇ ನಡೆದುಕೊಂಡು ಬಂದ ಹಾಗೆ! ಸುಮ್ನೆ ಪದಪಟ್ಟಿ ಹಿಡಿದು ಸರಳವಾ ಅಂತ ನೋಡಿದರೆ ಇದು ಪಾಸಾಗುತ್ತದೆ. ಕಾನೂನಿನಲ್ಲಿ ವಾಕ್ಯ ಬಿಡಿಸಿದರೆ ಸಾಕು, ಇಲ್ಲಿ ಯಾರು ಮಾಡಿದ್ದು ಅಂತ ಕೇಳಬೇಕು.

ಹಳೇಪೆನ್ನು:
ಯಾರು ಮಾಡಬೇಕು ಅನ್ನುವುದನ್ನು ಕರಾರಿನಲ್ಲಿ ಬಚ್ಚಿಟ್ಟರೆ ನನ್ನ ಕೆಲಸ ಹೋಗುತ್ತದೆ. ಅಷ್ಟು ಮಟ್ಟಿಗೆ ನಾವು ವಾಸಿ.

ಕರಡುಪ್ರತಿ:
ಹಾಗಾದರೆ ಸಹಿ ಹಾಕುವವರ ಕೈಗೆ ಮೊದಲೇ ಕೊಟ್ಟು, ಅವರಿಗೆ ಏನು ಅರ್ಥವಾಯ್ತು ಅಂತ ಕೇಳಿ ನೋಡುತ್ತೀರಾ?

ಹಳೇಪೆನ್ನು:
ಅದಕ್ಕೆ ಹಿಡಿಯುವ ಸಮಯಕ್ಕೆ ಕಕ್ಷಿದಾರರು ಫೀಸ್ ಕೊಡುವುದಿಲ್ಲ ಸ್ವಾಮಿ.

ಪುಟ್ಟಪ್ರಶ್ನೆ:
19ನೇ ಶತಮಾನದಲ್ಲಿ ಇಂಗ್ಲೆಂಡಿನ ವಕೀಲರು ಆಸ್ತಿ ಪತ್ರದ ಉದ್ದ ನೋಡಿ ಫೀಸ್ ತೆಗೆದುಕೊಳ್ಳುತ್ತಿದ್ದರಂತೆ. ಈಗ ಚಿಕ್ಕದು ಮಾಡಿದ್ದಕ್ಕೆ ಕೊಡಿ ಅಂತ ಕೇಳಿ ನೋಡಿ ಸರ್.

ಹಳೇಪೆನ್ನು:
ಕೇಳಿದ್ದೇನೆ. ಎರಡು ಪುಟಕ್ಕೆ ಇಷ್ಟೊಂದು ದುಡ್ಡಾ ಅಂದರು.