ಮಕ್ಕಳ ಈಜಿಗೆ ಏನು ತರೋಣ? ಮನೆ ಗುಂಪಿನಲ್ಲಿ ನಡೆದ ವಾದ

ಅತ್ತಿಗೆ: (ಫೋಟೋ) ತೋಳಿಗೆ ಹಾಕುವ ಗಾಳಿಪಟ್ಟಿ. ಮೂರು ಜೊತೆ ಒಟ್ಟಿಗೆ ತೆಗೆದುಕೊಂಡರೆ ಕಡಿಮೆಗೆ ಕೊಡುತ್ತಾರೆ. ರಜೆಗೆ ಮೂರೂ ಮಕ್ಕಳು ಊರಿಗೆ ಬರುತ್ತಾರಲ್ವಾ, ಎಲ್ಲರೂ ಪಾಲು ಹಾಕೋಣ. ರಾತ್ರಿ ಆರ್ಡರ್ ಮಾಡಲಾ?

ಚಿಕ್ಕಮ್ಮ: ಬಣ್ಣ ಚೆನ್ನಾಗಿದೆ, ಮಾಡಿಬಿಡು. ಪಾಪುಗೆ ಕುತ್ತಿಗೆಗೆ ಹಾಕುವ ರಿಂಗ್ ಕೂಡ ಒಂದು ಸೇರಿಸು.

ನಾನು: ಅತ್ತಿಗೆ, ಸ್ವಲ್ಪ ತಡೆಯಿರಿ. ಚಿಕ್ಕಮ್ಮ, ಕುತ್ತಿಗೆ ರಿಂಗ್ ಬೇಡವೇ ಬೇಡ. ಕೂಸು ಸತ್ತ ವರದಿ ಬಂದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಅದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಗಾಳಿ ಸೋರಿದರೆ ಮಗು ಕೆಳಗೆ ಜಾರುತ್ತದೆ.

ಚಿಕ್ಕಮ್ಮ: ಅಯ್ಯೋ, ಹಾಗಾದರೆ ಬೇಡಪ್ಪ.

ಅಣ್ಣ: ತೋಳಿನ ಪಟ್ಟಿಗೇನಾಗಿದೆ ಕಣೋ? ಎಲ್ಲಾ ಮಕ್ಕಳೂ ಅದನ್ನೇ ಹಾಕಿಕೊಂಡು ಆಡುತ್ತಾರೆ.

ನಾನು: ಆಡುವುದು ಬೇರೆ, ಕಲಿಯುವುದು ಬೇರೆ ಅಣ್ಣ. ಅದನ್ನು ಹಾಕಿದ ಮಗುವನ್ನು ಒಮ್ಮೆ ಪಕ್ಕದಿಂದ ನೋಡು. ತೋಳು ಎರಡೂ ಬದಿಗೆ ಚಾಚಿರುತ್ತವೆ. ಕಾಲು ನೇರ ಕೆಳಗೆ ಜೋತಾಡುತ್ತಿರುತ್ತವೆ. ಸೈಕಲ್ ತುಳಿದ ಹಾಗೆ ತುಳಿಯುತ್ತದೆ, ಆದರೆ ಒಂದಡಿಯೂ ಮುಂದೆ ಹೋಗುವುದಿಲ್ಲ. ಈಜಬೇಕಾದರೆ ಮೈ ನೀರಿನ ಮೇಲೆ ಚಪ್ಪಟೆಯಾಗಿ ಮಲಗಬೇಕು. ಪಟ್ಟಿ ಕಲಿಸುವುದು ನಿಲ್ಲುವುದನ್ನು. ಬಿಚ್ಚಿದ ದಿನವೂ ಮಗು ಹಾಗೇ ನಿಲ್ಲಲು ಹೋಗಿ ಮುಳುಗುತ್ತದೆ. ಇನ್ನೂ ಹೆದರಿಕೆಯ ವಿಷಯ ಇದೆ. ತಿಂಡಿಗೆ ಮೇಲೆ ಬಂದಾಗ ಪಟ್ಟಿ ತೆಗೆದಿರುತ್ತೇವೆ. ತನಗೆ ಈಜು ಬರುತ್ತದೆ ಎಂದುಕೊಂಡ ಮಗು ಹಾಗೇ ಓಡಿಹೋಗಿ ಧುಮುಕಿಬಿಡುತ್ತದೆ.

ಅಣ್ಣ: ಹಾಗಾದರೆ ಲೈಫ್ ಜಾಕೆಟ್ ತರೋಣ. ವಾದವೇ ಬೇಡ.

ನಾನು: ದೋಣಿ ಹತ್ತುವಾಗ ಅದೇ ಬೇಕು, ಆಗ ಬೇರೇನೂ ನಡೆಯುವುದಿಲ್ಲ. ಅದರಲ್ಲೂ ತೇಲಿಸುವ ಬಲ 100 ನ್ಯೂಟನ್ ಅಥವಾ ಜಾಸ್ತಿ ಎಂದು ಬರೆದಿರುವುದನ್ನು ನೋಡಬೇಕು. 50 ಎಂದಿದ್ದರೆ ಅದು ಈಜು ಬರುವವರಿಗೆ, ನೆರವು ಹತ್ತಿರ ಇರುವ ಕಡೆಗೆ ಮಾತ್ರ. ಆದರೆ 100ರ ಜಾಕೆಟ್ ಮಾಡಿರುವುದೇ ಅಂಗಾತ ತಿರುಗಿಸಿ ಮುಖ ಮೇಲಿಡಲಿಕ್ಕೆ. ಮಗು ಬೋರಲು ಮಲಗಿ ಕಾಲು ಬಡಿಯಲು ಹೋದರೆ ಅದು ಬಿಡುವುದಿಲ್ಲ.

ದೊಡ್ಡಪ್ಪ: ನಾವೆಲ್ಲ ಕಲಿತದ್ದು ತೋಟದ ಬಾವಿಯಲ್ಲಿ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ. ಸಿಪ್ಪೆ ಸ್ವಲ್ಪ ಎಬ್ಬಿಸಿ, ಅದರಿಂದಲೇ ಒಂದಕ್ಕೊಂದು ಗಂಟು. ಎದೆ ಕೆಳಗೆ ಇಟ್ಟುಕೊಂಡು ಮಲಗಿದರೆ ಆಯಿತು. ಸುಮ್ನೆ ಯಾಕೆ ದುಡ್ಡು ಸುರಿಯುತ್ತೀರಿ?

ಅತ್ತೆ: ನಮ್ಮ ಯಜಮಾನರ ಊರಲ್ಲಿ ಬೆಂಡು, ಅದೇ ನೀರಲ್ಲಿ ತೇಲುವ ಹಗುರ ತುಂಡುಗಳು. ಬೆನ್ನಿಗೆ ಕಟ್ಟಿ ನೀರಿಗೆ ಇಳಿಸುತ್ತಿದ್ದರಂತೆ. ಕೈಕಾಲು ಕುದುರಿದ ಹಾಗೆಲ್ಲ ಒಂದೊಂದೇ ತುಂಡು ಕಡಿಮೆ ಮಾಡುವುದು. ಕೊನೆಗೆ ಒಂದು ದಿನ ಬೆಂಡೇ ಇರುವುದಿಲ್ಲ.

ನಾನು: ಅತ್ತೆ, ಇದೇ ನಾನು ಹೇಳಬೇಕೆಂದಿದ್ದು! ಒಂದು, ಮೈಯನ್ನು ಮಲಗಿಸಬೇಕು. ಎರಡು, ದಿನಕಳೆದಂತೆ ಕಡಿಮೆ ಮಾಡಲು ಬರಬೇಕು. ಗಾಳಿಪಟ್ಟಿಯಲ್ಲಿ ಎರಡೂ ಇಲ್ಲ. ಈಗ ಸಿಗುವ ಫೋಮ್ ಬೆಲ್ಟ್ ಬೆಂಡಿನ ಲೆಕ್ಕವೇ. ಸೊಂಟದ ಪಟ್ಟಿಗೆ ನಾಲ್ಕೈದು ಫೋಮ್ ತುಂಡು ಪೋಣಿಸಿರುತ್ತಾರೆ, ಒಂದೊಂದೇ ತೆಗೆಯಬಹುದು. ತುಂಡುಗಳು ಬೆನ್ನಿನ ಕಡೆ ಬರಬೇಕು. ಹೊಟ್ಟೆ ಕಡೆ ಬಂದರೆ ಮಗು ಮಗುಚುತ್ತದೆ. ಜೊತೆಗೆ ಎರಡು ಕಿಕ್‌ಬೋರ್ಡ್ ಸಾಕು, ಅದೇ ಕೈಯಲ್ಲಿ ಹಿಡಿದು ಕಾಲು ಬಡಿಯುವ ತೇಲು ಹಲಗೆ. ಮೂರೂ ಮಕ್ಕಳು ಸರದಿಯಲ್ಲಿ ಬಳಸಲಿ.

ಅತ್ತಿಗೆ: ಕಿಕ್‌ಬೋರ್ಡ್ ಕೈ ಜಾರಿದರೆ? ಪಟ್ಟಿಯಾದರೆ ಮೈಮೇಲೇ ಇರುತ್ತದೆ. ನಿಮಗೆ ಈಜು ಬರುತ್ತದೆ, ಹೇಳುವುದು ಸುಲಭ. ನನಗೆ ಬರುವುದಿಲ್ಲ.

ನಾನು: ನಿಮ್ಮ ಭಯ ಸರಿ ಅತ್ತಿಗೆ. ಬೋರ್ಡ್ ಜಾರೇ ಜಾರುತ್ತದೆ. ಆದರೆ ಒದ್ದೆ ತೋಳಿನಿಂದ ಪಟ್ಟಿಯೂ ಜಾರುತ್ತದೆ. ವಾಲ್ವ್ ಮುಚ್ಚಳ ಸರಿಯಾಗಿ ಒತ್ತದಿದ್ದರೆ ಗಾಳಿ ಹೋಗುತ್ತದೆ. ಇವೆಲ್ಲ ಕಲಿಸುವ ಸಾಮಾನು, ಜೀವ ಉಳಿಸುವ ಸಾಮಾನಲ್ಲ. ಹಾಗಾಗಿ ಮಗುವಿನ ಕಾಲು ನೆಲಕ್ಕೆ ಎಟಕುವ ಕಡೆಯೇ ಕಲಿಸೋಣ. ಈಜು ಬರುವ ದೊಡ್ಡವರೊಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರ, ನೀರಿನ ಒಳಗೇ ನಿಂತಿರಬೇಕು. ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಆಗುವುದಿಲ್ಲ.

ಅಣ್ಣ: ಕಿಕ್‌ಬೋರ್ಡ್ ಹಿಡಿದ ಮಕ್ಕಳ ಸೊಂಟ ಮುಳುಗುತ್ತಲ್ಲ? ಕ್ಯಾಂಪಿನಲ್ಲಿ ನೋಡಿದ್ದೇನೆ.

ನಾನು: ತಲೆ ಎತ್ತಿ ಮುಂದೆ ನೋಡಿದರೆ ಮುಳುಗುತ್ತದೆ. ತಲೆ ಮೇಲೆ ಬಂದರೆ ಸೊಂಟ ಕೆಳಗೆ ಹೋಗುತ್ತದೆ. ಮೊಣಕೈ ನೇರ ಮಾಡಿ, ಮುಖ ನೀರಿಗಿಟ್ಟು ಗುಳ್ಳೆ ಬಿಡಲಿ. ಉಸಿರು ಬೇಕಾದಾಗ ನಿಲ್ಲಲಿ. ತೊಡೆ ಮಧ್ಯೆ ಇಡುವ ಪುಲ್ ಬಾಯ್ ಮಾತ್ರ ಈಗಲೇ ತರಬೇಡಿ. ಅದು ಸೊಂಟ ಎತ್ತುತ್ತದೆ ನಿಜ, ಆದರೆ ಮಕ್ಕಳು ಮೊದಲು ಕಾಲು ಬಡಿಯುವುದನ್ನೇ ಕಲಿಯಬೇಕು.

ದೊಡ್ಡಪ್ಪ: ಹೊಳೆಗೆ ಯಾವಾಗ ಕರೆದುಕೊಂಡು ಹೋಗುವುದು? ಪೂಲಿನಲ್ಲಿ ಕಲಿತದ್ದೂ ಒಂದು ಈಜಾ?

ನಾನು: ದೊಡ್ಡಪ್ಪ, ಈ ವರ್ಷ ಹೊಳೆ ಬೇಡ. ಸೆಳೆತಕ್ಕೆ ಸಿಕ್ಕಿದರೆ ಬೆಂಡು, ಬೆಲ್ಟ್ ಯಾವುದೂ ತಡೆಯುವುದಿಲ್ಲ. ಬಾವಿಯೂ ಬೇಡ, ನಿಲ್ಲಲು ಜಾಗವೇ ಇಲ್ಲ.

ದೊಡ್ಡಪ್ಪ: ನೀನು ಬಹಳ ಹೆದರುತ್ತೀಯ. ಇರಲಿ. ಕಾಯಿ ಮಾತ್ರ ನಾನು ಕಟ್ಟಿ ತರುತ್ತೇನೆ, ಮಕ್ಕಳು ನೋಡಲಿ.

ನಾನು: ಖಂಡಿತ ತನ್ನಿ. ಗಂಟು ಹಾಕುವುದನ್ನು ನನಗೂ ತೋರಿಸಿ.

ಅತ್ತಿಗೆ: ಬೆಲ್ಟ್ ಸಿಕ್ಕಿತು. ಇಎನ್ 13138 ಎಂದು ಬರೆದಿದೆ. ಸಣ್ಣವನು 17 ಕೆಜಿ. 15ರಿಂದ 18 ಅಂತ ಒಂದಿದೆ, 18ರಿಂದ 30 ಅಂತ ಇನ್ನೊಂದು. ದೊಡ್ಡದು ತಂದರೆ ಮುಂದಿನ ವರ್ಷಕ್ಕೂ ಆಗುತ್ತದಲ್ವಾ?

ನಾನು: ಅದು ಈಜು ಕಲಿಸುವ ಸಾಮಾನಿಗೆ ಯುರೋಪಿನ ಗುಣಮಟ್ಟದ ಗುರುತು, ಒಳ್ಳೆಯದೇ. ಆದರೆ ಈಗಿನ ತೂಕಕ್ಕೆ ಸರಿಯಾದದ್ದನ್ನೇ ತೆಗೆದುಕೊಳ್ಳಿ. ಸಡಿಲವಾದರೆ ಬೆಲ್ಟ್ ಕಂಕುಳಿಗೆ ಏರಿ ಮತ್ತೆ ನೇರ ನಿಲ್ಲಿಸುತ್ತದೆ. ಉಳಿದ ಇಬ್ಬರ ತೂಕವನ್ನೂ ಇಲ್ಲೇ ಹಾಕಿ.

ಅಣ್ಣ: ಬೆಳಗ್ಗೆ ನೀರಿಗೆ ನಾನು ಇಳಿಯುತ್ತೇನೆ, ಸಂಜೆ ನೀನು.

ನಾನು: ಸರಿ. ಫೋನ್ ಅತ್ತಿಗೆ ಕೈಗೆ ಕೊಟ್ಟು ಇಳಿ.