ಪಿಕಪ್‌ನಿಂದ ಆರು ಚಕ್ರದ ಲಾರಿಗೆ ಹೋಗಲೇ? ಹೋದವರು ಹೇಳಿ

ತಿಪಟೂರು ಕಡೆಯಿಂದ ಕೇಳುತ್ತಿದ್ದೇನೆ

ಏಳು ವರ್ಷದಿಂದ ಬೊಲೆರೊ ಪಿಕಪ್ ಓಡಿಸುತ್ತಿದ್ದೇನೆ. ಕೊಬ್ಬರಿ, ತೆಂಗಿನಕಾಯಿ, ಸಿಕ್ಕಿದರೆ ಮನೆ ಸಾಮಾನು. ಹೆಚ್ಚಾಗಿ ಬೆಂಗಳೂರು, ಆಗಾಗ ಮಂಗಳೂರು. ಕಂತು ತೀರಿ ಒಂದು ವರ್ಷವಾಯಿತು. ಈಗ ಮಂಡಿಯ ಸಾಹುಕಾರರೊಬ್ಬರು "ದೊಡ್ಡ ಗಾಡಿ ತೆಗೆದುಕೋ, ಲೋಡ್ ನನ್ನ ಜವಾಬ್ದಾರಿ" ಎನ್ನುತ್ತಿದ್ದಾರೆ. ಹತ್ತೊಂಬತ್ತು ಅಡಿಯ ಐಷರ್ ಲಾರಿ ನೋಡಿಕೊಂಡು ಬಂದಿದ್ದೇನೆ. ಗಾಡಿ, ಸರಕು ಎರಡೂ ಸೇರಿದ ಒಟ್ಟು ತೂಕ ಹನ್ನೆರಡು ಟನ್ನಿನ ಒಳಗೆ ಬರುವ ಗಾಡಿ. ಅಪ್ಪ ಬೇಡ ಎನ್ನುತ್ತಾರೆ, ಭಾಮೈದ ಇವತ್ತೇ ಬುಕ್ ಮಾಡು ಎನ್ನುತ್ತಾನೆ. ಇಬ್ಬರೂ ಲಾರಿ ಓಡಿಸಿದವರಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ

ತಮ್ಮಾ, ನಾನೂ ಇದೇ ಮೆಟ್ಟಿಲು ಹತ್ತಿದವನು. ಮೊದಲು ಟಾಟಾ ಏಸ್, ಆಮೇಲೆ 407, 2016ರಲ್ಲಿ ಹತ್ತೊಂಬತ್ತು ಅಡಿಯ ಲಾರಿ. ಏಸ್ ಬಿಟ್ಟು 407 ಹತ್ತಿದಾಗ ಗಾಡಿ ಮಾತ್ರ ಬದಲಾಗಿತ್ತು. ಲಾರಿ ಹತ್ತಿದಾಗ ಕಸುಬೇ ಬದಲಾಯಿತು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಪಿಕಪ್‌ನಲ್ಲಿ ಬಾಡಿಗೆ ಕೊಡುವವನು ನಿನ್ನ ಕಣ್ಣೆದುರಿಗೇ ಇರುತ್ತಾನೆ. ಸಾಮಾನು ಇಳಿಯಿತು, ದುಡ್ಡು ಕೈಗೆ ಬಂತು, ಖಾಲಿ ವಾಪಸಾದರೂ ಹೋಗುವುದು ಸ್ವಲ್ಪ ಡೀಸೆಲ್. ಲಾರಿಯಲ್ಲಿ ಸರಕು ಒಬ್ಬನದು, ಬುಕಿಂಗ್ ಇನ್ನೊಬ್ಬನದು, ಇಳಿಸಿಕೊಳ್ಳುವವನು ಮತ್ತೊಬ್ಬ. ಲೋಡ್ ಆಗುವಾಗ ಅಡ್ವಾನ್ಸ್ ಕೊಡುತ್ತಾರೆ. ಅದು ಡೀಸೆಲ್‌ಗೆ, ಟೋಲ್‌ಗೆ, ಊಟಕ್ಕೆ ಸರಿಹೋಗುತ್ತದೆ. ನಿನ್ನದು ಎನ್ನುವುದೆಲ್ಲ ಬ್ಯಾಲೆನ್ಸ್‌ನಲ್ಲಿದೆ. ಆ ಬ್ಯಾಲೆನ್ಸ್ ಬರುವುದು ಸಹಿಯಾದ ರಸೀದಿ ಟ್ರಾನ್ಸ್‌ಪೋರ್ಟ್ ಆಫೀಸಿಗೆ ತಲುಪಿದ ಮೇಲೆ, ಅದೂ ಅವರಿಗೆ ಮನಸ್ಸು ಬಂದಾಗ.

ಮೊದಲ ತಿಂಗಳಲ್ಲೇ ಮೆಕ್ಕೆಜೋಳ ತುಂಬಿಕೊಂಡು ನಾಮಕ್ಕಲ್ ಹತ್ತಿರದ ಕೋಳಿ ಆಹಾರದ ಗಿರಣಿಗೆ ಹೋದೆ. ಬಾಡಿಗೆ ಕೇಳಿ ಖುಷಿಯಾಗಿತ್ತು. ಅಲ್ಲಿ ನೋಡಿದರೆ ನನ್ನ ಮುಂದೆ ಇಪ್ಪತ್ತಕ್ಕೂ ಹೆಚ್ಚು ಗಾಡಿ. ಮರುದಿನ ಮಧ್ಯಾಹ್ನ ಸರದಿ ಬಂತು. ಗಿರಣಿಯವನು ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ತೇವ ಜಾಸ್ತಿ ಎಂದ. ವ್ಯಾಪಾರಿಗೂ ಗಿರಣಿಯವರಿಗೂ ಫೋನಿನಲ್ಲಿ ಜಗಳ. ಅದು ಬಗೆಹರಿಯುವ ತನಕ ಇನ್ನೊಂದು ರಾತ್ರಿ ನಾನು ಕ್ಯಾಬಿನ್ನಿನಲ್ಲಿ. ಖಾಲಿಯಾದ ಮೇಲೆ ರಿಟರ್ನ್ ಲೋಡ್ ಹುಡುಕಿದರೆ, ನಾಮಕ್ಕಲ್ ಎಂದರೆ ಲಾರಿಯವರದೇ ಊರು! ಅವರ ಗಾಡಿಗಳೇ ಲೋಡಿಲ್ಲದೆ ನಿಂತಿರುವಾಗ ನನ್ನನ್ನು ಕೇಳುವವರು ಯಾರು? ಸೇಲಂ ತನಕ ಖಾಲಿ ಓಡಿಸಿ, ಅಲ್ಲಿ ಸಿಕ್ಕ ಬೆಲೆಗೆ ಬೆಂಗಳೂರಿಗೆ ಸಬ್ಬಕ್ಕಿ ತುಂಬಿದೆ. ಐದು ದಿನದ ಲೆಕ್ಕ ಹಾಕಿದಾಗ ಉಳಿದದ್ದು ನನ್ನ ಹಳೆಯ 407 ಎರಡು ದಿನದಲ್ಲಿ ದುಡಿಯುತ್ತಿದ್ದಷ್ಟು.

ಆದ್ದರಿಂದ ಸಾಹುಕಾರರು ಲೋಡ್ ಕೊಡುತ್ತೇನೆ ಎಂದದ್ದಕ್ಕೆ ಖುಷಿಪಡುವ ಮೊದಲು ವಾಪಸ್ಸು ಬರುವಾಗ ಏನು ತರುತ್ತೀಯ ಎಂದು ಯೋಚಿಸು. ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ ಕಡೆಗೆ ದಿನಸಿ, ಸಿಮೆಂಟು, ಪಶು ಆಹಾರ ತರಿಸುವ ಇಬ್ಬರು ಮೂವರು ಅಂಗಡಿಯವರನ್ನು ಗಾಡಿ ಕೊಳ್ಳುವ ಮುಂಚೆಯೇ ಮಾತಾಡಿಸಿ ಇಟ್ಟುಕೋ. ಸಾಹುಕಾರರ ಬಳಿಯೂ ಮೂರು ಮಾತು ಬಾಯಿಬಿಟ್ಟು ಕೇಳು: ಕಾಯಿ ಕಡಿಮೆಯಾಗುವ ತಿಂಗಳುಗಳಲ್ಲಿ ಎಷ್ಟು ಲೋಡ್? ಬ್ಯಾಲೆನ್ಸ್ ಎಷ್ಟು ದಿನಕ್ಕೆ? ಇಳಿಸಲು ತಡವಾದರೆ ಕಾದ ದಿನಗಳ ಹಾಲ್ಟಿಂಗ್ ಬಾಡಿಗೆ ಯಾರದು? ಮೂರನೆಯದಕ್ಕೆ ಅವರು ನಕ್ಕು ಮಾತು ತೇಲಿಸಿದರೆ ಉತ್ತರ ಸಿಕ್ಕಿತು ಎಂದುಕೋ.

ಇನ್ನೊಂದು. ಪಿಕಪ್ ಬೆಂಗಳೂರಿನ ಯಾವ ಗಲ್ಲಿಗೂ ನುಗ್ಗುತ್ತದೆ. ಹಗಲಿನಲ್ಲಿ ಭಾರಿ ವಾಹನಕ್ಕೆ ನಗರದೊಳಗೆ ನಿರ್ಬಂಧದ ಸಮಯಗಳಿವೆ. ಬೆಳಿಗ್ಗೆ ಹತ್ತಕ್ಕೆ ನೆಲಮಂಗಲ ತಲುಪಿದರೂ ಪ್ರಯೋಜನವಿಲ್ಲ, ರಾತ್ರಿಯ ತನಕ ರಸ್ತೆ ಬದಿಯಲ್ಲಿ ಚಹಾ ಕುಡಿಯುತ್ತಾ ಕೂರಬೇಕು. ಇಷ್ಟಾದರೂ ನಾನು ಲಾರಿ ಮಾರಿಲ್ಲ. ಎರಡನೇ ವರ್ಷದಿಂದ ದಾರಿ ಹಿಡಿಯಿತು, ಏಕೆಂದರೆ ಕಂಡ ಕಂಡ ಊರಿಗೆ ಹೋಗುವುದನ್ನು ಬಿಟ್ಟು ಎರಡೇ ದಾರಿ ಇಟ್ಟುಕೊಂಡೆ.

ಹಾಸನದಿಂದ

ನಾನು ಲಾರಿ ಮಾರಿ ಮತ್ತೆ ಪಿಕಪ್ ತಂದವನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಲೋಡ್ ಇತ್ತು, ಗಾಡಿಯೂ ಚೆನ್ನಾಗಿತ್ತು, ಡ್ರೈವರ್ ಸಿಗಲಿಲ್ಲ. ನನಗೆ ಸೊಂಟ ನೋವು ಶುರುವಾದ ಮೇಲೆ ಒಂದು ವರ್ಷದಲ್ಲಿ ನಾಲ್ಕು ಡ್ರೈವರ್ ಬದಲಾದರು. ಒಬ್ಬ ಹಬ್ಬಕ್ಕೆ ಊರಿಗೆ ಹೋದವನು ಬೀಗದ ಕೈಯನ್ನು ಬೇರೆಯವರ ಕೈಯಲ್ಲಿ ಕಳಿಸಿದ. ನೀವೇ ಓಡಿಸುವುದಾದರೆ ಮಾತ್ರ ತೆಗೆದುಕೊಳ್ಳಿ, ಇದು ನನ್ನ ಅಭಿಪ್ರಾಯ.

ತುಮಕೂರಿನಿಂದ, ಕಾಗದಪತ್ರದ ಬಗ್ಗೆ

ಒಟ್ಟು ತೂಕ 7,500 ಕೆಜಿ ಎನ್ನುವುದೇ ಇಲ್ಲಿ ಗೆರೆ. ಅದರೊಳಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ನೀವು ನೋಡಿರುವ ಗಾಡಿ ಈ ಗೆರೆಯಿಂದ ಮೇಲಿದೆ. ಸಾರಿಗೆ ವಾಹನದ ಲೈಸೆನ್ಸ್ ಬೇಕು, ಚಾಲನಾ ಶಾಲೆಯ ಪ್ರಮಾಣಪತ್ರ ಬೇಕು. ಲಘು ವಾಹನದ ಲೈಸೆನ್ಸ್ ಆಗಿ ಒಂದು ವರ್ಷವಾಗಿರಬೇಕು, ಅದು ನಿಮಗೆ ಆಗಿಯೇ ಇದೆ. ಗಾಡಿ ಬುಕ್ ಮಾಡುವುದಕ್ಕಿಂತ ಮೊದಲು ಇದಕ್ಕೆ ಅರ್ಜಿ ಹಾಕಿ. ಲೈಸೆನ್ಸ್ ಇಲ್ಲದೆ ಲಾರಿ ಮನೆ ಮುಂದೆ ನಿಂತು, ಕಂತು ಮಾತ್ರ ಓಡುತ್ತಿರುವುದನ್ನು ನಾನು ನೋಡಿದ್ದೇನೆ.

ವಿಮೆಯೂ ಹೀಗೆಯೇ ಜಿಗಿಯುತ್ತದೆ. 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರದಲ್ಲಿ 7,500 ಕೆಜಿ ತನಕದ ಸರಕು ಗಾಡಿಗೆ ವರ್ಷಕ್ಕೆ 16,049 ರೂಪಾಯಿ, ಅಲ್ಲಿಂದ 12,000 ಕೆಜಿ ತನಕ 27,186, ಅದಕ್ಕೂ ಮೇಲೆ 20,000 ಕೆಜಿ ತನಕ 35,313. ತೆರಿಗೆ ಬೇರೆ, ಗಾಡಿಯ ಸ್ವಂತ ವಿಮೆ ಬೇರೆ. 3,000 ಕೆಜಿ ದಾಟಿದ ಗಾಡಿಗೆ ಪರ್ಮಿಟ್ ಬೇಕೇ ಬೇಕು. ರಾಜ್ಯದೊಳಗೇ ಓಡುವುದಾದರೆ ರಾಜ್ಯದ ಪರ್ಮಿಟ್ ಸಾಕು. ನಾಮಕ್ಕಲ್ ಸಾಹಸ ಮಾಡುವುದಿದ್ದರೆ ನ್ಯಾಷನಲ್ ಪರ್ಮಿಟ್, ವರ್ಷಕ್ಕೆ 16,500.

ಪಿಕಪ್‌ನವರಿಗೆ ಇನ್ನೂ ಎರಡು ಚೀಲ ಹಾಕಿ ಎನ್ನುವ ಅಭ್ಯಾಸ ಇರುತ್ತದೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ಮತ್ತೆ 2,000, ಮೇಲೆ ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ಪಿಕಪ್‌ಗೂ ಇದೇ ಕಾನೂನು, ಆದರೆ ಲಾರಿ ಬೇಗ ಕಣ್ಣಿಗೆ ಬೀಳುತ್ತದೆ. ಲೋಡ್ ಆದ ಕೂಡಲೇ ತೂಕದ ಚೀಟಿ ಮಾಡಿಸಿ ಡ್ಯಾಶ್‌ಬೋರ್ಡಿನಲ್ಲಿಡಿ.

ಕೊಬ್ಬರಿಯ ಲೋಡ್ ಸುಲಭವಾಗಿ 50,000 ರೂಪಾಯಿ ದಾಟುವುದರಿಂದ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಜಿಎಸ್‌ಟಿಯವರ ಆನ್‌ಲೈನ್ ಚೀಟಿ, ಇರಲೇಬೇಕು. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಗಾಡಿ ಕೆಟ್ಟು ಬೇರೆ ಗಾಡಿಗೆ ತುಂಬಿದರೆ ಬಿಲ್‌ನಲ್ಲೂ ಗಾಡಿ ನಂಬರ್ ಬದಲಾಗಬೇಕು. ಸಾಹುಕಾರರ ಗುಮಾಸ್ತ ಇದನ್ನು ಮರೆಯುತ್ತಾನೆ, ಚೆಕಿಂಗ್‌ನವರು ಮರೆಯುವುದಿಲ್ಲ.

ಸಕಲೇಶಪುರದಿಂದ

ಮಂಗಳೂರಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪಿಕಪ್‌ಗೆ ಘಾಟಿ ಎಂದರೆ ಬರೀ ತಿರುವು. ಲಾರಿಗೆ ಘಾಟಿ ಎಂದರೆ ಬ್ರೇಕಿನ ಬಿಸಿ. ಶಿರಾಡಿ ಇಳಿಯುವಾಗ ಮೊದಮೊದಲು ನಾನೂ ಪಿಕಪ್‌ನ ಅಭ್ಯಾಸದಲ್ಲಿ ಬ್ರೇಕ್ ತುಳಿಯುತ್ತಲೇ ಇಳಿದೆ. ಗುಂಡ್ಯ ಬರುವಷ್ಟರಲ್ಲಿ ಲೈನರ್ ಸುಟ್ಟ ವಾಸನೆ, ಪೆಡಲ್ ತುಳಿದರೂ ಗಾಡಿಗೆ ಅದರ ಪರಿವೆಯೇ ಇಲ್ಲ. ಗೇರು ಇಳಿಸಿ ಹೇಗೋ ನಿಲ್ಲಿಸಿದೆ. ಹಿಂದಿನಿಂದ ಬರುತ್ತಿದ್ದ ಹಳೆಯ ಡ್ರೈವರೊಬ್ಬರು ಇಳಿದು ಬಂದು, ನನ್ನ ಚಕ್ರದ ಡ್ರಮ್ಮಿನ ಮೇಲೆ ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದರು. ಬಿಸಿ ಹಂಚಿನ ಮೇಲೆ ಬಿದ್ದಂತೆ ಚುಂಯ್ ಎಂದಿತು. "ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು" ಎಂದರು. ಅಂದಿನಿಂದ ಗೇರು ಮತ್ತು ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಮೇಲೆ ಇಳಿಯುತ್ತೇನೆ, ಕಾಲಿನ ಬ್ರೇಕ್ ತಿರುವಿಗೆ ಮಾತ್ರ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಚಾಳಿ ನಿಮಗಿದ್ದರೆ ಪಿಕಪ್‌ನಲ್ಲೇ ಬಿಟ್ಟುಬಿಡಿ.

ಯಾವ ಘಾಟಿಯಲ್ಲಿ ಯಾವ ಗಾಡಿಗೆ ಬಿಡುತ್ತಾರೆ ಎನ್ನುವುದನ್ನೂ ಹೊರಡುವ ಮುಂಚೆ ವಿಚಾರಿಸಬೇಕು. ಆಗುಂಬೆ, ಚಾರ್ಮಾಡಿಗಳಲ್ಲಿ ಭಾರಿ ವಾಹನಕ್ಕೆ ನಿರ್ಬಂಧಗಳಿವೆ. 2024ರ ಜುಲೈನಲ್ಲಿ ಗುಡ್ಡ ಕುಸಿದಾಗ ಶಿರಾಡಿಯೇ ಬಂದ್ ಆಗಿತ್ತು.

ಜೋಡಿ ಟೈರ್ ನಿಮಗೆ ಹೊಸದು. ಒಳಗಿನ ಟೈರ್ ಗಾಳಿ ಬಿಟ್ಟಿದ್ದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನಿಂತಲ್ಲೆಲ್ಲ ಕಬ್ಬಿಣದ ರಾಡಿನಿಂದ ಆರೂ ಟೈರ್‌ಗಳಿಗೆ ಒಂದೊಂದು ಏಟು ಹಾಕಿ. ಗಾಳಿ ಇದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ದಪ್ ಎಂದು ಕೂರುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದೆಯೇ ಎಂದೂ ನೋಡಿ.

ಶಿರಾದಿಂದ

ನಮ್ಮ ಮನೆಯವರು ಲಾರಿ ಓಡಿಸುತ್ತಾರೆ, ಲೆಕ್ಕ ಬರೆಯುವವಳು ನಾನು. ಎಲ್ಲರೂ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳುತ್ತಾರೆ, ತಿಂಗಳಿಗೆ ಎಷ್ಟು ದಿನ ನಿಂತಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಪುಸ್ತಕದಲ್ಲಿ ಕಳೆದ ತಿಂಗಳು ಓಡಿದ್ದು ಹದಿನೇಳು ದಿನ, ನಿಂತದ್ದು ಹದಿಮೂರು. ಕಂತು ಮೂವತ್ತು ದಿನಕ್ಕೂ ಕಟ್ಟಿದ್ದೇವೆ.

ಟೋಲ್ ಬಗ್ಗೆಯೂ ಮೊದಲೇ ತಿಳಿದಿರಲಿ. 2008ರ ನಿಯಮದ ಮೂಲ ದರವೇ ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಲಘು ಸರಕು ವಾಹನಕ್ಕೆ 1 ರೂಪಾಯಿ 5 ಪೈಸೆ, ಎರಡು ಆಕ್ಸೆಲ್ ಲಾರಿಗೆ 2 ರೂಪಾಯಿ 20 ಪೈಸೆ. ಈಗ ದರ ಏರಿದೆ, ಅನುಪಾತ ಹಾಗೇ ಇದೆ. ಹೊಸ ಹೊಗೆ ನಿಯಮದ ಬಿಎಸ್ 6 ಗಾಡಿಯಾದರೆ, ಹೊಗೆ ಶುದ್ಧವಾಗಲು ಹಾಕುವ ಆಡ್‌ಬ್ಲೂ ದ್ರವದ ಖರ್ಚನ್ನೂ ಬರೆದುಕೊಳ್ಳಿ. ಅದು ಮುಗಿದರೆ ಇಂಜಿನ್ ತಾನಾಗಿಯೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ, ಏರು ಹತ್ತುವುದಿಲ್ಲ. ಟೈರ್‌ಗೆ ಅಂತಲೇ ಪ್ರತಿ ಟ್ರಿಪ್‌ನಲ್ಲೂ ಒಂದಿಷ್ಟು ಬೇರೆ ಡಬ್ಬಿಗೆ ಹಾಕಿ. ಆರೂ ಟೈರ್ ಒಟ್ಟಿಗೆ ಹಾಕಿಸಿದ ತಿಂಗಳು ನಾನು ಚೀಟಿ ಎತ್ತಬೇಕಾಯಿತು.

ನನ್ನ ಸಲಹೆ ಕೇಳುವುದಾದರೆ, ಲಾರಿಯ ಕಂತು ಎಷ್ಟು ಬರುತ್ತದೆ ಎಂದು ಬ್ಯಾಂಕಿನಲ್ಲಿ ಕೇಳಿ. ಆರು ತಿಂಗಳು ಪಿಕಪ್‌ನ ದುಡಿಮೆಯಿಂದ ಅಷ್ಟನ್ನು ತಪ್ಪದೆ ಬೇರೆ ಖಾತೆಗೆ ಕಟ್ಟಿ ನೋಡಿ. ಕಟ್ಟಲು ಆಗದಿದ್ದರೆ ನಿಮ್ಮ ತಂದೆಯವರ ಮಾತು ಸರಿ. ಕಟ್ಟಲು ಆಯಿತು ಎಂದರೆ ಮುಂಗಡದ ಹಣ ಸಿದ್ಧವಾಯಿತು, ಸಾಲ ಕಡಿಮೆ. ಪಿಕಪ್ ಮಾತ್ರ ಮಾರಬೇಡಿ, ಲಾರಿ ವರ್ಕ್‌ಶಾಪಿನಲ್ಲಿ ನಿಂತ ದಿನ ಮನೆಗೆ ಅಕ್ಕಿ ತರುವುದು ಅದೇ. ಅಂದ ಹಾಗೆ, ಲಾರಿಯನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಅದನ್ನು ನೀವು ಬರೆದೇ ಇಲ್ಲ.

ತಿಪಟೂರು ಕಡೆಯಿಂದ ಮತ್ತೆ

ಎಲ್ಲರಿಗೂ ಧನ್ಯವಾದಗಳು. ದಾವಣಗೆರೆ ಅಣ್ಣ ಹೇಳಿದ ಮೂರು ಪ್ರಶ್ನೆಗಳನ್ನು ಸಾಹುಕಾರರ ಮುಂದಿಟ್ಟೆ. ಮೊದಲ ಎರಡಕ್ಕೆ ಉತ್ತರ ಕೊಟ್ಟರು, ಮೂರನೆಯದಕ್ಕೆ ಕಾಫಿ ತರಿಸಿದರು.

ಶಿರಾದ ಅಕ್ಕ ಕೇಳಿದ ಮೇಲೆ ಸಂಜೆ ಕಾಯಿ ಕೀಳುವ ದೋಟಿ ಹಿಡಿದು ನಮ್ಮ ಓಣಿ ಅಳೆದೆ. ಅಗಲ ಸಾಕಾಗುತ್ತದೆ. ಆದರೆ ಮನೆಯ ತಿರುವಿನಲ್ಲಿ ಕರೆಂಟಿನ ತಂತಿ ಜೋತುಬಿದ್ದಿದೆ, ತುಂಬಿದ ಲಾರಿ ಅದರಡಿ ದಾಟುವುದಿಲ್ಲ. ಹೆದ್ದಾರಿ ಬದಿಯ ಅಕ್ಕಿ ಗಿರಣಿಯವರು ಅಂಗಳದಲ್ಲಿ ಜಾಗ ಕೊಡುತ್ತಾರಂತೆ, ಬಾಡಿಗೆ ಇನ್ನೂ ಕೇಳಿಲ್ಲ. ಲೈಸೆನ್ಸ್‌ಗೆ ಸೋಮವಾರ ಅರ್ಜಿ ಹಾಕುತ್ತೇನೆ. ಈ ತಿಂಗಳ ಕಂತನ್ನು ಬೇರೆ ಖಾತೆಗೆ ಹಾಕಿದ್ದಾಯಿತು. ಇನ್ನು ಐದು ಉಳಿದಿವೆ. ಭಾಮೈದ ಮಾತು ಬಿಟ್ಟಿದ್ದಾನೆ.