ಓಡುವ ಕಾರಿನಿಂದ ತೆಗೆದ ಅಲುಗಿದ ಫೋಟೋಗಳನ್ನು ಏನು ಮಾಡಲಿ?

ಘಾಟಿಮಳೆ:
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಬೆಂಗಳೂರಿನಿಂದ ಮಂಗಳೂರಿಗೆ ಕಾರಿನಲ್ಲಿ ಹೋದೆವು. ಅಣ್ಣ ಓಡಿಸುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿ ಎಡಗಡೆ ಕಿಟಕಿಗೆ, ಪಕ್ಕದಲ್ಲಿ ಅಮ್ಮ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ ಮಳೆ ಹಿಡಿದದ್ದು ಗುಂಡ್ಯದವರೆಗೂ ಬಿಡಲಿಲ್ಲ. ಶಿರಾಡಿ ಘಾಟಿಯಲ್ಲಿ ಹಿಂದೆ ಮುಂದೆ ಲಾರಿಗಳು, ನಿಲ್ಲಿಸೋಕೆ ಜಾಗ ಇರಲಿಲ್ಲ, ಹಾಗಾಗಿ ಗಾಜಿನ ಒಳಗಿನಿಂದಲೇ ಫೋನಿನಲ್ಲಿ ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ.

ಮನೆಗೆ ಬಂದು ನೋಡಿದರೆ ಮುಕ್ಕಾಲು ಪಾಲು ಅಲುಗಿವೆ. ರಸ್ತೆ ಬದಿಯ ಹುಲ್ಲು ಬರೀ ಅಡ್ಡ ಗೆರೆ. ಸಿಲ್ವರ್ ಓಕ್ ಮರಗಳು ಹೊಗೆಯ ಹಾಗೆ ಹರಡಿವೆ. ಲೈಟ್ ಕಂಬಗಳು ಓರೆಯಾಗಿ ನಿಂತಿವೆ, ಯಾಕೋ ಗೊತ್ತಿಲ್ಲ. ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ಎಡಿಟ್ ಆ್ಯಪ್‌ನಲ್ಲಿ, ವಿವರ ಎದ್ದು ಕಾಣಿಸುವ ಸ್ಟ್ರಕ್ಚರ್ ಅನ್ನು ಪೂರ್ತಿ ಏರಿಸಿ ನೋಡಿದೆ, ಫೋಟೋ ಮೇಲೆ ಮರಳು ಎರಚಿದ ಹಾಗಾಯಿತು. ಆದರೂ ಅಳಿಸೋಕೆ ಮನಸ್ಸು ಬರುತ್ತಿಲ್ಲ, ಆ ಮಳೆ ಇವುಗಳಲ್ಲೇ ಇದೆ ಅನಿಸುತ್ತದೆ. ಏನಾದರೂ ಮಾಡಬಹುದಾ?

ಹಳೇರೋಲು:
ದಯವಿಟ್ಟು ಅಳಿಸಬೇಡಿ. ಮೊದಲು ಶಾರ್ಪ್ ಮಾಡುವ ಆಸೆ ಬಿಡಿ, ಅಲುಗಿದ್ದರಲ್ಲಿ ಇಲ್ಲದ ವಿವರವನ್ನು ಯಾವ ಆ್ಯಪ್ ಕೂಡ ಸರಿಯಾಗಿ ತಂದುಕೊಡುವುದಿಲ್ಲ.

ಯಾಕೆ ಹೀಗಾಯಿತು ಅಂದರೆ, ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಮಳೆಯ ಮಬ್ಬಿನಲ್ಲಿ ಫೋನು ತಾನಾಗಿಯೇ 1/50 ಸೆಕೆಂಡಿನ ಶಟರ್ (ಬೆಳಕು ಒಳಗೆ ಬಿಡುವ ಸಮಯ) ಇಟ್ಟುಕೊಂಡಿದ್ದರೆ ಅಷ್ಟರಲ್ಲಿ ಕಾರು 22 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು, ಮುಂದೆ ಹೋಗಿರುತ್ತದೆ. ಪಕ್ಕದ ಹುಲ್ಲಿಗೆ ಒಂದು ಗೇಣು ಅಂದರೆ ತುಂಬಾ ಆಯಿತು. ದೂರದ ಗುಡ್ಡಕ್ಕೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಹತ್ತಿರದ್ದು ಹರಿದುಹೋಗುತ್ತದೆ, ದೂರದ್ದು ನಿಲ್ಲುತ್ತದೆ. ಈ ವ್ಯತ್ಯಾಸವೇ ನಿಮ್ಮ ಫೋಟೋದ ಜೀವ, ಅದನ್ನು ಹಿಡಿದುಕೊಂಡೇ ಎಡಿಟ್ ಮಾಡಿ.

ಕಂಬ ಓರೆಯಾಗೋದು ಬೇರೆ ಕಾರಣಕ್ಕೆ. ಫೋನಿನ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಕಂಬ ಸರಿದಿರುತ್ತದೆ. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನ ಛಾಯಾಗ್ರಾಹಕ ಲಾರ್ತಿಗ್ ತೆಗೆದ ರೇಸ್ ಕಾರಿನ ಫೋಟೋದಲ್ಲಿ ಚಕ್ರ ಮುಂದಕ್ಕೆ ವಾಲಿದೆ, ನೋಡುತ್ತಾ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಆ ಕ್ಯಾಮೆರಾದ ಶಟರ್ ಪರದೆ ಕೂಡ ಒಂದು ಸೀಳಿನ ಹಾಗೆ ಸರಿಯುತ್ತಿತ್ತು. ಆ ವಾಲಿಕೆಯೇ ಇವತ್ತಿಗೂ ವೇಗವನ್ನು ತೋರಿಸುತ್ತದೆ. ಕಂಬ ನೆಟ್ಟಗೆ ಮಾಡಲು ಹೋದರೆ ಹಿಂದಿನ ಗುಡ್ಡ ವಾಲುತ್ತದೆ, ಬಿಟ್ಟುಬಿಡಿ.

ಬಿಸಿಲುಕೋಲು:
ಹಳೇರೋಲು ಸರ್ ಹೇಳಿದ್ದು ಸರಿ. ನಾನು ಮಾಡುವ ಕ್ರಮ ಹೇಳುತ್ತೇನೆ, ಸ್ನ್ಯಾಪ್‌ಸೀಡ್ ಒಂದೇ ಸಾಕು.

ಕಾರಿನ ಗಾಜಿಗೆ ಸಾಮಾನ್ಯವಾಗಿ ತಿಳಿ ಹಸಿರು ಛಾಯೆ ಇರುತ್ತದೆ, ಹಸಿರು ಕಾಡಿನ ಮೇಲೆ ಅದೂ ಸೇರಿ ಪಾಚಿ ಬಣ್ಣ ಬರುತ್ತದೆ. ಹಾಗಾಗಿ ಮೊದಲ ಕೆಲಸ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಛಾಯೆ ಸರಿಮಾಡುವುದು. ಅದರಲ್ಲಿ ಟಿಂಟ್ ಅನ್ನು ಗುಲಾಬಿ ಕಡೆಗೆ ಸ್ವಲ್ಪ ಎಳೆಯಿರಿ, ಮಂಜು ಬೆಳ್ಳಗಾದರೆ ಸಾಕು. ಆಮೇಲೆ ಕ್ರಾಪ್. ಅಡ್ಡ ಗೆರೆಗಳು ಇರುವ ಫೋಟೋಗೆ ಉದ್ದನೆಯ, ಕಿರಿದಾದ ಪಟ್ಟಿಯ ಆಕಾರ ತುಂಬಾ ಚೆನ್ನಾಗಿ ಒಪ್ಪುತ್ತದೆ. ಸ್ಟ್ರಕ್ಚರ್ ಅನ್ನು ಏರಿಸುವ ಬದಲು ಸೊನ್ನೆಗಿಂತ ಕೆಳಗೆ ಇಳಿಸಿ ನೋಡಿ, ಹುಲ್ಲಿನ ಗೆರೆಗಳು ಕುಂಚದಲ್ಲಿ ಎಳೆದ ಹಾಗೆ ಮೆತ್ತಗಾಗುತ್ತವೆ.

ನನಗೆ ಇಷ್ಟವಾದದ್ದು ಡಬಲ್ ಎಕ್ಸ್‌ಪೋಷರ್, ಅಂದರೆ ಎರಡು ಫೋಟೋ ಬೆರೆಸಿ ಒಂದು ಮಾಡುವುದು. ಒಂದೇ ತಿರುವಿನಲ್ಲಿ ಬೆನ್ನುಬೆನ್ನಿಗೆ ತೆಗೆದ ಎರಡು ಫೋಟೋ ಆರಿಸಿ, ಒಂದರ ಮೇಲೊಂದು ಇಟ್ಟು ಲೈಟನ್ (ತಿಳಿ ಭಾಗ ಉಳಿಯುತ್ತದೆ) ಅಥವಾ ಡಾರ್ಕನ್ (ಕಪ್ಪು ಭಾಗ ಉಳಿಯುತ್ತದೆ) ಕೊಡಿ. ಡಾರ್ಕನ್ ಕೊಟ್ಟರೆ ಎರಡರ ಮರಗಳೂ ಮಂಜಿನ ಮೇಲೆ ಉಳಿಯುತ್ತವೆ, ಕಾಡು ದಟ್ಟವಾಗುತ್ತದೆ. ಬೇಕಾದರೆ ಬೇರೆ ಊರಿನ ಒಳ್ಳೆಯ ಮೋಡ ಕೂಡ ಸೇರಿಸಬಹುದು.

ಹಳೇರೋಲು:
ಬೇರೆ ಊರಿನ ಮೋಡಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅದೇ ದಾರಿಯ, ಅದೇ ಮಳೆಯ ಫೋಟೋಗಳನ್ನು ಎಷ್ಟು ಬೇಕಾದರೂ ಬೆರೆಸಲಿ. ಅವರಿಗೆ ಬೇಕಾಗಿರೋದು ಆ ದಿನ, ಚೆಂದದ ಆಕಾಶ ಅಲ್ಲ.

ಘಾಟಿಮಳೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್! ಪಟ್ಟಿಯ ಹಾಗೆ ಕ್ರಾಪ್ ಮಾಡಿದೆ, ನಿಜವಾಗಿಯೂ ಬೇರೆಯೇ ಆಯಿತು. ಇನ್ನೊಂದು ಕೇಳಬೇಕು. ಒಂದು ಫೋಟೋದಲ್ಲಿ ಅಮ್ಮನ ಮುಖ ಮತ್ತು ಬಳೆ ಹಾಕಿದ ಕೈ ಗಾಜಿನಲ್ಲಿ ಬಿಂಬವಾಗಿ ಮೂಡಿ, ಗುಡ್ಡದ ಮೇಲೆ ಕೂತ ಹಾಗಿದೆ. ಅಣ್ಣ ಬಿಂಬ ಅಳಿಸು ಅನ್ನುತ್ತಾನೆ. ಫೋನಿನ ಎರೇಸರ್‌ನಲ್ಲಿ ಅಳಿಸಿದರೆ ಆ ಜಾಗದಲ್ಲಿ ಇಲ್ಲದ ಮರ ಬೆಳೆಯುತ್ತಿದೆ.

ಕಿಟಕಿಸೀಟು:
ಅಯ್ಯೋ, ಅದನ್ನು ಮಾತ್ರ ಅಳಿಸಬೇಡಿ! ಇನ್ನೂರರಲ್ಲಿ ಅದೇ ನಿಮ್ಮ ಫೋಟೋ. ಮೇಲೆ ಹೇಳಿದ ಡಬಲ್ ಎಕ್ಸ್‌ಪೋಷರ್ ಅನ್ನು ಗಾಜು ತಾನೇ ಮಾಡಿಕೊಟ್ಟಿದೆ ಅಲ್ವಾ.

ಬಿಂಬ ಯಾವಾಗಲೂ ಹೊರಗಿನ ಕಪ್ಪು ಭಾಗದ ಮೇಲೆ ಚೆನ್ನಾಗಿ ಕಾಣುತ್ತದೆ, ಬಿಳಿ ಮಂಜಿನ ಮೇಲೆ ಕರಗಿಹೋಗುತ್ತದೆ. ಹಾಗಾಗಿ ಇಡೀ ಫೋಟೋ ಬೆಳಗಿಸಬೇಡಿ. ಸ್ನ್ಯಾಪ್‌ಸೀಡ್‌ನಲ್ಲಿ ಬೇಕಾದ ಜಾಗವನ್ನಷ್ಟೇ ತಿದ್ದುವ ಸೆಲೆಕ್ಟಿವ್ ತೆಗೆದುಕೊಂಡು ಅಮ್ಮನ ಕೆನ್ನೆಯ ಮೇಲೆ ಒಂದು ಚುಕ್ಕಿ, ಬಳೆಯ ಮೇಲೆ ಒಂದು ಚುಕ್ಕಿ ಇಟ್ಟು ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ಸುತ್ತಲಿನ ಕಾಡನ್ನು ಸ್ವಲ್ಪ ಇಳಿಸಿ. ಕಪ್ಪು ಬಿಳುಪಿನಲ್ಲೂ ಒಂದು ಪ್ರತಿ ಮಾಡಿ ನೋಡಿ, ಆದರೆ ಬಳೆ ಹಸಿರೋ ಕೆಂಪೋ ಆಗಿದ್ದರೆ ನಾನಾದರೆ ಬಣ್ಣವನ್ನೇ ಇಡುತ್ತೇನೆ. ಮಳೆಹನಿಗಳನ್ನೂ ಹೀಲಿಂಗ್ ಅನ್ನೋ ಕಲೆ ಅಳಿಸುವ ಟೂಲ್‌ನಲ್ಲಿ ತೆಗೆಯಬೇಡಿ, ನಡುವೆ ಗಾಜು ಇದೆ ಅಂತ ಹೇಳೋದು ಆ ಹನಿಗಳೇ.

ಮುಂದಿನ ಸಲಕ್ಕೆ ಒಂದೆರಡು ಮಾತು. ದೂರದ ಗುಡ್ಡದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಫೋನು ಗಾಜಿನ ಹನಿಯನ್ನೇ ಹಿಡಿಯುತ್ತದೆ. ಬಿಂಬ ಬೇಡ ಅನಿಸಿದಾಗ ಫೋನನ್ನು ಗಾಜಿನ ಹತ್ತಿರ ತನ್ನಿ, ಆದರೆ ತಾಗಿಸಬೇಡಿ, ಗಾಜಿನ ನಡುಕ ಫೋನಿಗೂ ಬರುತ್ತದೆ. ಕ್ಯಾಮೆರಾದಲ್ಲಿ ಶಟರ್ ನಾವೇ ಹೊಂದಿಸುವ ಪ್ರೊ ಮೋಡ್ ಇದ್ದರೆ ಬಿಸಿಲಿನಲ್ಲಿ ಅದನ್ನು 1/1000 ಸೆಕೆಂಡು ಇಡಿ. ಇನ್ನೊಂದು, ಶಟರ್ ನಿಧಾನವೇ ಇಟ್ಟು, ಒಂದೇ ಮರದ ಕಡೆ ಫೋನು ತಿರುಗಿಸುತ್ತಾ ಹೋದರೆ ಆ ಮರ ನಿಂತು ಉಳಿದದ್ದೆಲ್ಲ ಓಡುತ್ತದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗೇ ಇಲ್ಲ, ನಾನು ಇದನ್ನು ಕಲಿತದ್ದು ಅಲ್ಲೇ. ಓಡಿಸುವವರು ಮಾತ್ರ ಫೋನು ಮುಟ್ಟಲೇಬಾರದು, ಕೈ ಹೊರಗೆ ಹಾಕುವುದೂ ಬೇಡ.

ಘಾಟಿಮಳೆ:
ಕೆನ್ನೆ, ಬಳೆ ಎರಡೂ ಬೆಳಗಿಸಿದೆ. ಹಸಿರು ಬಳೆ, ಬಣ್ಣ ಹಾಗೇ ಇಟ್ಟೆ. ಅಮ್ಮ ತುಂಬಾ ಹೊತ್ತು ನೋಡಿದರು, ಗೋಡೆಗೆ ಹಾಕೋಣ ಅಂದರು. ಪ್ರಿಂಟ್ ಎಷ್ಟು ದೊಡ್ಡದು ಮಾಡಿಸಬಹುದು?

ಹಳೇರೋಲು:
ಫೋನಿನ ಫೋಟೋ 12 ಮೆಗಾಪಿಕ್ಸೆಲ್, ಅಂದರೆ 4000 × 3000 ಇದ್ದರೆ, ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 13 × 10 ಇಂಚು ಧಾರಾಳವಾಗಿ ಬರುತ್ತದೆ. ಇಂತಹ ಮೆತ್ತನೆಯ ಚಿತ್ರವನ್ನು ಅದಕ್ಕಿಂತ ದೊಡ್ಡದು ಮಾಡಿಸಿದರೂ ನಡೆಯುತ್ತದೆ. ಮ್ಯಾಟ್ ಪೇಪರ್ ಕೇಳಿ, ಗ್ಲಾಸಿ ಬೇಡ. ಹೊಳೆಯುವ ಪೇಪರಿನಲ್ಲಿ ನಿಮ್ಮ ಮನೆಯ ಕಿಟಕಿಯ ಬಿಂಬ ಬಂದು ಅಮ್ಮನ ಮುಖದ ಮೇಲೆ ಕೂರುತ್ತದೆ.